ಬೇಲಿಯ ಮಾತು

ಹಿಂದೊಮ್ಮೆ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡಿದಳು. ನಿರೂಪಣೆ ಮಾಡುತ್ತಿದ್ದ ಹುಡುಗ ಅದನ್ನು ‘ಸುಂದರ ಪ್ರೇಮಗೀತೆ’ ಎಂದು ಪರಿಚಯಿಸಿದ. ಮುಂದಿನ ಸಾಲಿನ ಗಣ್ಯರು ತಲೆದೂಗಿದರು. ಮರುದಿನ ತರಗತಿಯಲ್ಲಿ ನಾನು, ಅದು ಮಗುವನ್ನು ಕಳೆದುಕೊಂಡ ಗಂಡ ಹೆಂಡತಿಗೆ ಹೇಳುವ ಮಾತು, ಬೇಂದ್ರೆ ದಂಪತಿಗಳ ಒಂಬತ್ತು ಮಕ್ಕಳಲ್ಲಿ ಉಳಿದವರು ಮೂವರೇ ಎಂದಾಗ ಆ ಹುಡುಗಿಯ ಮುಖ ಸಣ್ಣದಾಯಿತು. ತಪ್ಪು ಅವಳದಲ್ಲ. ಆ ಹಾಡಿನ ಲಯವೇ ಹಾಗಿದೆ. ಅಳುವನ್ನು ಒಳಗಿಟ್ಟುಕೊಂಡು ಹೊರಗೆ ತೂಗುತ್ತದೆ.

ನಾನೂ ಅದನ್ನು ಚಿಕ್ಕಂದಿನಿಂದ ಕೇಳಿದವಳೇ. ಓದಿದ್ದು ಮಾತ್ರ 1998ರ ನವೆಂಬರಿನಲ್ಲಿ, ನಾಲ್ಕು ತಿಂಗಳ ಗರ್ಭ ಹೋಗಿ ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ್ದಾಗ. ಆ ಕವಿತೆಯ ಗಂಡನಿಗೆ ಹೆಂಡತಿಯ ನೋಟವನ್ನು ತಡೆದುಕೊಳ್ಳಲಾಗುವುದಿಲ್ಲ. ತುಟಿ ಕಚ್ಚಿ ಬಿಕ್ಕನ್ನು ನುಂಗಬೇಡ, ಅಳುವುದಾದರೆ ಅತ್ತುಬಿಡು ಎನ್ನುತ್ತಾನೆ. ಎಷ್ಟು ಒಳ್ಳೆಯ ಗಂಡ ಎಂದು ಮೊದಲು ಅನ್ನಿಸಿತು. ಮತ್ತೆ ಓದಿದಾಗ ಬೇರೊಂದು ಕಂಡಿತು. ಆ ಹೆಂಡತಿ ಇಡೀ ಕವಿತೆಯಲ್ಲಿ ಒಂದೇ ಒಂದು ಮಾತನ್ನೂ ಆಡುವುದಿಲ್ಲ. ಅವಳು ಏನನ್ನು ನೋಡುತ್ತಿದ್ದಳು? ಗಂಡನನ್ನೋ, ಅವನ ಹಿಂದಿನ ಗೋಡೆಯನ್ನೋ? ಬೇಂದ್ರೆಯವರನ್ನು ದೂರುತ್ತಿಲ್ಲ. ಅವರು ತಮಗೆ ಗೊತ್ತಿದ್ದ ಅರ್ಧವನ್ನು ಪ್ರಾಮಾಣಿಕವಾಗಿ ಬರೆದರು. ಇನ್ನರ್ಧ ಎಲ್ಲಿ ಸಿಗುತ್ತದೆ ಎಂಬುದು ನನ್ನ ಹುಡುಕಾಟವಾಯಿತು.

ಅದು ಸಿಕ್ಕಿದ್ದು ದೂರದ ಅಮೆರಿಕದ ಹಳ್ಳಿಗಾಡಿನಲ್ಲಿ. ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಓದುವಾಗ ರಾಬರ್ಟ್ ಫ್ರಾಸ್ಟನ ‘ಹೋಮ್ ಬರಿಯಲ್’ ಎಂಬ ಕಥನಕವನ ಓದಿದ್ದೆ. ಅದು ‘ನಾರ್ತ್ ಆಫ್ ಬಾಸ್ಟನ್’ ಎಂಬ 1914ರ ಸಂಕಲನದಲ್ಲಿದೆ. ಫ್ರಾಸ್ಟನ ಮೊದಲ ಮಗ 1900ರಲ್ಲಿ ತೀರಿಕೊಂಡಿದ್ದ. 1907ರಲ್ಲಿ ಹುಟ್ಟಿದ ಹೆಣ್ಣುಮಗು ಕೆಲವೇ ದಿನ ಬದುಕಿತು. ಕವನದಲ್ಲಿ ಹೆಂಡತಿ ಮಹಡಿಯ ಮೆಟ್ಟಿಲ ಮೇಲಿದ್ದಾಳೆ, ಗಂಡ ಕೆಳಗಿದ್ದಾನೆ. ಅವಳು ಮತ್ತೆ ಮತ್ತೆ ಕಿಟಕಿಯಾಚೆ ನೋಡುತ್ತಾಳೆ. ಅಲ್ಲಿ ಮನೆಯವರ ಸ್ಮಶಾನವಿದೆ, ಅದರಲ್ಲಿ ಮಗುವಿನ ಹೊಸ ಮಣ್ಣಗುಡ್ಡೆ. ಗಂಡನೇ ಕೈಯಾರೆ ಗುಂಡಿ ತೋಡಿದ್ದ. ತೋಡಿ ಬಂದವನು ಬೂಟಿನ ಮಣ್ಣನ್ನೂ ತೊಳೆಯದೆ ಅಡುಗೆಮನೆಯಲ್ಲಿ ಕುಳಿತು, ಮಂಜು ಮಳೆಗೆ ಮರದ ಬೇಲಿ ಎಷ್ಟು ಬೇಗ ಕೊಳೆತುಹೋಗುತ್ತದೆ ಎಂದು ಮಾತಾಡಿದ. ಅದನ್ನು ಅವಳು ಕ್ಷಮಿಸಲಾರಳು. ಕೊನೆಗೆ ಅವಳು ಬಾಗಿಲು ತೆರೆಯುತ್ತಾಳೆ. ಅವನು ಬಲವಂತವಾಗಿಯಾದರೂ ಎಳೆದು ತರುತ್ತೇನೆ ಎನ್ನುತ್ತಾನೆ. ಕವನ ಅಲ್ಲಿಗೇ ನಿಂತುಬಿಡುತ್ತದೆ.

ಕಾಲೇಜಿನಲ್ಲಿ ನಾನು ಪೂರ್ತಿ ಅವಳ ಕಡೆ. ಪರೀಕ್ಷೆಯಲ್ಲಿ ಆ ಗಂಡನನ್ನು ‘ಭಾವನಾಶೂನ್ಯ’ ಎಂದು ಬರೆದು ಒಳ್ಳೆಯ ಅಂಕವನ್ನೂ ಪಡೆದೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಅಡಿಕೆ ತೋಟದ ಮನೆ. ನಾನು ಆಸ್ಪತ್ರೆಯಿಂದ ಬಂದ ದಿನ ಸಂಜೆ ನನ್ನ ಗಂಡ ಮಂಚದ ಪಕ್ಕ ಕುಳಿತರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊನೆಗಾರ ಈ ವಾರವೂ ಬರ್ಲಿಲ್ಲ ಮಾರಾಯ್ತಿ, ಗೊನೆ ಎಲ್ಲ ಹಣ್ಣಾಗಿ ಉದುರ್ತಾ ಇದೆ” ಎಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಆಮೇಲಿನ ಒಂದೂವರೆ ತಿಂಗಳು ನಮ್ಮಿಬ್ಬರ ನಡುವೆ ಊಟ, ಔಷಧಿ, ಬಿಸಿನೀರು ಇಷ್ಟೇ ಮಾತು. ಅತ್ತೆಯವರು, ಶಾಲೆಯಲ್ಲಿ ಮೆಟ್ಟಿಲು ಹತ್ತಿ ಇಳಿದದ್ದೇ ಕಾರಣ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. (ಮೊದಲ ತಿಂಗಳುಗಳಲ್ಲಿ ಹೋಗುವ ಗರ್ಭಗಳಲ್ಲಿ ಸುಮಾರು ಅರ್ಧಕ್ಕೆ ವರ್ಣತಂತುಗಳ ದೋಷವೇ ಕಾರಣ, ತಾಯಿಯ ಓಡಾಟವಲ್ಲ ಎಂದು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಷ್ಟರಲ್ಲಿ ಆ ಮೆಟ್ಟಿಲುಗಳನ್ನು ಎಷ್ಟು ಸಲ ಶಪಿಸಿದ್ದೆನೋ.)

ನಮ್ಮ ಧರ್ಮಶಾಸ್ತ್ರಗಳು ಇದಕ್ಕೆಲ್ಲ ಲೆಕ್ಕ ಇಟ್ಟಿವೆ. ನಾಲ್ಕನೆಯ ತಿಂಗಳವರೆಗೆ ಹೋದರೆ ಅದು ‘ಸ್ರಾವ’, ಐದು ಆರನೆಯ ತಿಂಗಳಲ್ಲಿ ‘ಪಾತ’. ಎಷ್ಟು ತಿಂಗಳೋ ತಾಯಿಗೆ ಅಷ್ಟು ದಿನದ ಮೈಲಿಗೆ. ಸ್ರಾವವಾದರೆ ತಂದೆಗೆ ಒಂದು ಸ್ನಾನ, ಅಷ್ಟೇ. ಸರ್ಕಾರವೂ ಹೆಚ್ಚುಕಡಿಮೆ ಅದೇ ದಾರಿ ಹಿಡಿದಿತ್ತು: 1961ರ ಹೆರಿಗೆ ಸೌಲಭ್ಯ ಕಾಯಿದೆ ಗರ್ಭಪಾತವಾದ ಹೆಂಗಸಿಗೆ ಆರು ವಾರದ ರಜೆ ಕೊಟ್ಟಿತು, ಗಂಡಸಿನ ಹೆಸರೆತ್ತಲಿಲ್ಲ. ನಾಲ್ಕು ದಿನದ ಮೈಲಿಗೆಯಾಗಲಿ ಆರು ವಾರದ ರಜೆಯಾಗಲಿ ನನ್ನದಾಯಿತು; ಇವರು ಸ್ನಾನ ಮಾಡಿ ತೋಟಕ್ಕೆ ಹೋದರು. ಫ್ರಾಸ್ಟನ ದಂಪತಿಗೆ ಜಗಳವಾಡಲು ಒಂದು ಮಣ್ಣಗುಡ್ಡೆಯಾದರೂ ಇತ್ತು. ನಮಗೆ ಅದೂ ಇಲ್ಲ ಎಂದೇ ನಾನು ತಿಳಿದಿದ್ದೆ.

ಡಿಸೆಂಬರ್ ಕೊನೆಯ ಒಂದು ಬೆಳಿಗ್ಗೆ ಇವರು, “ಏಳು, ಕುಂದಾದ್ರಿಗೆ ಹೋಗಿ ಬರೋಣ” ಎಂದರು. ಕೊಯ್ಲಿನ ಕಾಲದಲ್ಲಿ ತೋಟ ಬಿಟ್ಟು ಗುಡ್ಡ ಹತ್ತುವ ಅಡಿಕೆ ಬೆಳೆಗಾರನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಈ ಚಳಿಯಲ್ಲಿ, ಅದೂ ಸ್ಕೂಟರಿನಲ್ಲಿ, ಎಂದು ಅತ್ತೆ ಗೊಣಗಿದರು. ಕಿವಿಗೆ ಶಾಲು ಸುತ್ತಿಕೊಂಡು ನಾನು ಹಿಂದೆ ಕುಳಿತೆ. ಸ್ಕೂಟರಿನಲ್ಲಿ ಒಂದು ಅನುಕೂಲವಿದೆ, ಇಬ್ಬರೂ ಒಂದೇ ದಿಕ್ಕಿಗೆ ನೋಡಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ.

ಕುಂದಾದ್ರಿಯ ನೆತ್ತಿಯ ಮೇಲೆ ಪಾರ್ಶ್ವನಾಥನ ಬಸದಿ, ಅದರ ಪಕ್ಕದ ಬಂಡೆಯಲ್ಲಿ ನೀರು ನಿಂತ ಕೊಳ. ನಾವು ಹೋದಾಗ ಇನ್ನಾರೂ ಇರಲಿಲ್ಲ. ಕೆಳಗಿನ ಕಣಿವೆಯೆಲ್ಲ ಮಂಜಿನಲ್ಲಿ ಮುಚ್ಚಿಹೋಗಿತ್ತು. ಬಂಡೆ ಇಬ್ಬನಿಯಿಂದ ಒದ್ದೆಯಾಗಿದ್ದರಿಂದ ಇವರು ತಮ್ಮ ಶಾಲು ಮಡಿಸಿ ಹಾಸಿದರು. ಕುಳಿತೆವು. ಕೊಳದ ನೀರನ್ನೇ ನೋಡುತ್ತ ಇವರು, “ಆಸ್ಪತ್ರೆಯವ್ರು ಬಟ್ಟೆಯಲ್ಲಿ ಸುತ್ತಿ ಕೊಟ್ರು ಕಣೇ. ನಾನೇ ತಂದು ಮೇಲಿನ ಹಲಸಿನ ಮರದ ಹತ್ರ ಗುಂಡಿ ತೆಗ್ದೆ. ನಿಂಗೆ ಹೇಗೆ ಹೇಳೋದು ಅಂತಾನೇ ಗೊತ್ತಾಗ್ಲಿಲ್ಲ. ಆವತ್ತು ಹೇಳ್ಬೇಕು ಅಂತ್ಲೇ ಕೂತೆ, ಬಾಯಿಗೆ ಬಂದಿದ್ದು ಕೊನೆಗಾರನ ಮಾತು” ಎಂದರು.

ನಾನು ಅವರ ಮುಖ ನೋಡಲಿಲ್ಲ. ನೋಡಿದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಬೇಂದ್ರೆಯವರ ಗಂಡ ಬೇಡ ಬೇಡವೆಂದು ಗೋಗರೆದದ್ದು ಇದನ್ನೇ ಎಂದು ಆಗ ಹೊಳೆಯಿತು. ಫ್ರಾಸ್ಟನ ಹೆಂಡತಿಯ ದುಃಖ ಗಂಡ ಗುಂಡಿ ತೋಡುವುದನ್ನು ಕಣ್ಣಾರೆ ಕಂಡದ್ದರಿಂದ ಬಂದದ್ದು. ನನ್ನದು ಕಾಣದೆ ಇದ್ದುದರಿಂದ. ಆದರೆ ಬೇಲಿಯ ಮಾತು, ಕೊನೆಗಾರನ ಮಾತು ಎರಡೂ ಒಂದೇ ಮಾತು. ಕೊಳೆತುಹೋಗುವ ಬೇಲಿ ಎನ್ನುವಾಗ ಆ ರೈತ ತನ್ನ ಮಗುವನ್ನೇ ಕುರಿತು ಹೇಳುತ್ತಿದ್ದ. ತನಗೆ ಗೊತ್ತಿದ್ದ ನಾಲ್ಕು ಮಾತುಗಳಲ್ಲಿ ಹೇಳುತ್ತಿದ್ದ. ಫ್ರಾಸ್ಟ್ ಇದನ್ನು ಬಲ್ಲ. ಹಾಗೆಂದು ಗಂಡನನ್ನು ಗೆಲ್ಲಿಸುವುದೂ ಇಲ್ಲ, ಎಳೆದು ತರುತ್ತೇನೆ ಎಂಬ ಕೊನೆಯ ಅಬ್ಬರವನ್ನು ಅವನ ಬಾಯಲ್ಲಿ ಬೇಕೆಂದೇ ಇಟ್ಟಿದ್ದಾನೆ. ನನ್ನ ‘ಭಾವನಾಶೂನ್ಯ’ಕ್ಕೆ ಅಂಕ ಕೊಟ್ಟವರು ಈಗ ಸಿಕ್ಕರೆ ಅದನ್ನು ಹಿಂದಿರುಗಿಸುತ್ತಿದ್ದೆ.

ಇದೇ ಕವಿಯ 1923ರ ‘ನ್ಯೂ ಹ್ಯಾಂಪ್‌ಶೈರ್’ ಸಂಕಲನದಲ್ಲಿ ‘ಟೂ ಲುಕ್ ಅಟ್ ಟೂ’ ಎಂಬ ಪದ್ಯವಿದೆ. ನಾನು ಅದನ್ನು ಓದಿದ್ದು ಆಮೇಲೆ. ಗಂಡು ಹೆಣ್ಣು ಇಬ್ಬರು ಸಂಜೆ ಗುಡ್ಡ ಹತ್ತುತ್ತಾರೆ. ಕುಸಿದ ಕಲ್ಲುಗೋಡೆಯೊಂದು ಅಡ್ಡ ಬರುತ್ತದೆ. ಗೋಡೆಯಾಚೆ ಹೆಣ್ಣುಜಿಂಕೆಯೊಂದು ನಿಂತು ಇವರನ್ನು ನೋಡುತ್ತದೆ, ಹೆದರದೆ ಹೋಗುತ್ತದೆ. ಬಳಿಕ ಗಂಡುಜಿಂಕೆ ಬಂದು ನೋಡುತ್ತದೆ. ಇಷ್ಟೇ ಕಥೆ. ಇವರಿಬ್ಬರನ್ನು ಅಷ್ಟು ಮೇಲಕ್ಕೆ ಕರೆತಂದದ್ದರಲ್ಲಿ ಪ್ರೀತಿಯ ಜೊತೆಗೆ ಮರೆವನ್ನೂ ಕವಿ ಸೇರಿಸಿದ್ದಾನೆ. ಏನನ್ನು ಮರೆಯಲು? ಅದನ್ನು ಅವನು ಹೇಳುವುದಿಲ್ಲ. ವಿಮರ್ಶಕರು ಒಪ್ಪಲಿ ಬಿಡಲಿ, ಇವರು ಮೆಟ್ಟಿಲ ಮೇಲೆ ಜಗಳವಾಡಿದ ಆ ಜೋಡಿಯೇ, ಒಂಬತ್ತು ವರ್ಷದ ಮೇಲೆ ಹೇಗೋ ಜೊತೆಯಾಗಿ ಬಾಗಿಲು ದಾಟಿ ಬಂದವರು ಎಂದು ನಾನು ಓದಿಕೊಳ್ಳುತ್ತೇನೆ. ಒಂದನ್ನು ಮಾತ್ರ ಒಪ್ಪಲಾರೆ. ಕೊನೆಯಲ್ಲಿ ಭೂಮಿ ತಮ್ಮ ಪ್ರೀತಿಗೆ ಪ್ರೀತಿಯನ್ನೇ ಮರಳಿಸಿತೆಂದು ಅವರಿಗೆ ಖಾತ್ರಿಯಾಗುತ್ತದೆ. ಫ್ರಾಸ್ಟನಂಥ ನಿಷ್ಠುರ ಕವಿ ಇಲ್ಲಿ ಸ್ವಲ್ಪ ಮೆತ್ತಗಾಗಿಬಿಟ್ಟನಲ್ಲ ಎನ್ನಿಸುತ್ತದೆ. ಕುಂದಾದ್ರಿ ನಮಗೆ ಏನನ್ನೂ ಮರಳಿಸಲಿಲ್ಲ. ನೋಡಲು ಒಂದು ಜಾಗ ಕೊಟ್ಟಿತು.

ಬಿಸಿಲೇರಿದಂತೆ ಮಂಜು ಹರಿಯಿತು. ತೋಟಗಳು ಒಂದೊಂದಾಗಿ ಎದ್ದವು. ಅಲ್ಲಲ್ಲಿ ಅಡಿಕೆ ಬೇಯಿಸುವ ಒಲೆಗಳ ಹೊಗೆ. ಇವರು ಬೆರಳು ಮಾಡಿ ಯಾರ ಯಾರ ಮನೆಯ ಹೊಗೆ ಎಂದು ಲೆಕ್ಕ ಹಾಕತೊಡಗಿದರು.

“ನಮ್ಮದು ಯಾವಾಗ?” ಎಂದು ಕೇಳಿದೆ.

“ಕೊನೆಗಾರ ನಾಳೆ ಬರ್ತಾನಂತೆ” ಎಂದರು.

ಇಳಿಯುವಾಗ, ಹಲಸಿನ ಮರ ಎಂದರೆ ಬಾವಿಯ ಹತ್ತಿರದ್ದೋ ಮೇಲಿನದ್ದೋ ಎಂದು ಇನ್ನೊಮ್ಮೆ ಕೇಳಿ ತಿಳಿದುಕೊಂಡೆ.