ಗಾರ್ಮೆಂಟ್ಸ್ ಹೆಂಗಸರು ಓದಿದ ಅಧಿಸೂಚನೆ

2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಗಾರ್ಮೆಂಟ್ಸ್ ಕಾರ್ಮಿಕರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಬೀದಿಗಿಳಿದರು. ಅವರಲ್ಲಿ ಬಹುಪಾಲು ಹೆಂಗಸರು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ. ಪಿಎಫ್ ಹಣ ತೆಗೆಯುವ ನಿಯಮ ಬದಲಿಸಿ ಕೇಂದ್ರ ಸರ್ಕಾರ ಅದೇ ವರ್ಷದ ಫೆಬ್ರವರಿಯಲ್ಲಿ ಹೊರಡಿಸಿದ್ದ ಅಧಿಸೂಚನೆಯೇ ಅವರನ್ನು ಹೊರಗೆ ತಂದಿತ್ತು. 19ರಂದೇ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಆದರೆ ನಗರದ ವಿದ್ಯಾವಂತರ ಬಾಯಲ್ಲಿ ಉಳಿದ ಮಾತು ಬೇರೆ: ಪಾಪ, ಆ ಹೆಣ್ಣುಮಕ್ಕಳಿಗೆ ಸರಿಯಾದ ಮಾಹಿತಿ ಇರಲಿಲ್ಲ, ವದಂತಿ ನಂಬಿ ಬಂದರು, ಮೊದಲೇ ಅರಿವು ಮೂಡಿಸಬೇಕಿತ್ತು.

ಕೆಲಸದ ಜಾಗದ ಮಾಹಿತಿ ಸಾಕ್ಷರತೆ ಕುರಿತು ನಡೆಯುವ ಬಹಳಷ್ಟು ಚರ್ಚೆ, ತರಬೇತಿ, ಸಂಶೋಧನೆಗಳೆಲ್ಲ ನಿಂತಿರುವುದು ಈ ಒಂದು ನಂಬಿಕೆಯ ಮೇಲೆ. ಕಾರ್ಮಿಕರಿಗೆ ಒಂದು ಕೌಶಲದ ಕೊರತೆಯಿದೆ, ಕಾರ್ಯಾಗಾರ ಮಾಡಿ ಅದನ್ನು ತುಂಬಿದರೆ ಸಾಕು ಎಂಬ ನಂಬಿಕೆ. ಇದು ತಪ್ಪು ಎಂದಷ್ಟೇ ಹೇಳಿ ಸುಮ್ಮನಾಗಲಾರೆ. ಮಾಹಿತಿಯನ್ನು ಬಚ್ಚಿಟ್ಟವರ ಹೊಣೆಯನ್ನು ಇದು ಮಾಹಿತಿ ಸಿಗದವರ ತಲೆಗೆ ಕಟ್ಟುತ್ತದೆ.

ಅಧಿಸೂಚನೆ ಹೇಳಿದ್ದೇನು ಎಂಬುದನ್ನು ಮೊದಲು ನೋಡೋಣ. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಪಿಎಫ್ ಪೂರ್ತಿ ತೆಗೆಯಬಹುದಿತ್ತು. ಹೊಸ ನಿಯಮದಲ್ಲಿ ತನ್ನ ಪಾಲು ಮತ್ತು ಅದರ ಬಡ್ಡಿ ಮಾತ್ರ ಸಿಗುತ್ತಿತ್ತು; ಮಾಲೀಕರ ಪಾಲಿಗೆ 58 ವರ್ಷದ ತನಕ ಕಾಯಬೇಕಿತ್ತು. ಮಾಲೀಕರು ಕಟ್ಟುವ ಶೇ. 12ರಲ್ಲಿ 8.33 ಪಿಂಚಣಿಗೆ ಹೋಗಿ 3.67 ಮಾತ್ರ ಪಿಎಫ್ ಖಾತೆಗೆ ಬರುತ್ತದೆ. ಹಾಗಾಗಿ ತಡೆಹಿಡಿಯುವುದು ಖಾತೆಯ ಕಾಲು ಭಾಗಕ್ಕಿಂತ ತುಸು ಕಡಿಮೆ, ಅಷ್ಟಕ್ಕೆ ಇಷ್ಟು ಗಲಾಟೆಯೇ ಎಂದು ಲೆಕ್ಕ ಬಲ್ಲವರು ಕೇಳಿದರು.

ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಂಗಸಿಗೆ ಇನ್ನೊಂದು ಲೆಕ್ಕ ಗೊತ್ತಿತ್ತು. ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಹಿಡಿದು ಓಡುವ ಲೈನ್‌ನಲ್ಲಿ ನಲವತ್ತು ದಾಟಿದ ಮೇಲೆ ಅದೇ ವೇಗದಲ್ಲಿ ಹೊಲಿಯುವವರು ಕಡಿಮೆ. ಬೆನ್ನು, ಕಣ್ಣು, ಮೊಣಕಾಲು ಒಂದೊಂದಾಗಿ ಕೈಕೊಡುತ್ತವೆ. ಐದು ವರ್ಷ ಒಂದೇ ಕಡೆ ನಿಲ್ಲದವರಿಗೆ ಆಗ ಗ್ರಾಚ್ಯುಟಿಯೂ ಇರಲಿಲ್ಲ. ಮಗಳ ಕಾಲೇಜು, ಊರಿನ ಸಾಲ, ಮನೆಯ ಅಡ್ವಾನ್ಸು ಯಾವುದಕ್ಕೇ ಆಗಲಿ ಅವಳ ಕೈಗೆ ಸಿಗುವ ಒಂದೇ ಗಂಟು ಎಂದರೆ ಕೆಲಸ ಬಿಟ್ಟಾಗಿನ ಪಿಎಫ್. ಹಾಗಿರುವಾಗ 58 ಎಂದರೆ ಹದಿನೈದು ಇಪ್ಪತ್ತು ವರ್ಷ ಕಾಯುವುದು. ಇಡೀ ದುಡ್ಡೇ ಹೋಗುತ್ತದೆಂದು ತಿಳಿದು ಬಂದವರೂ ಆ ಗುಂಪಿನಲ್ಲಿ ಇದ್ದಿರಬಹುದು. ಆದರೂ ಅಧಿಸೂಚನೆ ತಮ್ಮ ಬದುಕಿಗೆ ಏನು ಮಾಡುತ್ತದೆ ಎಂಬುದನ್ನು ಅವರು ಅದನ್ನು ಬರೆದವರಿಗಿಂತ ಚೆನ್ನಾಗಿ ಓದಿದ್ದರು. ಓದಿದ್ದು ಒಬ್ಬೊಬ್ಬರೇ ಕೂತಲ್ಲ. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತ.

ಈ ಬಗೆಯ ಓದನ್ನು ನಮ್ಮ ಮಾಹಿತಿ ಸಾಕ್ಷರತೆಯ ಪಠ್ಯಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆ ಪರಿಕಲ್ಪನೆ ಬಂದ ದಾರಿಯೂ ಇದಕ್ಕೆ ಕಾರಣ. 1974ರಲ್ಲಿ ಅದನ್ನು ಮುಂದಿಟ್ಟ ಪಾಲ್ ಝುರ್ಕೋವ್‌ಸ್ಕಿ ಅಮೆರಿಕದ ಮಾಹಿತಿ ಉದ್ಯಮ ಸಂಘದ ಅಧ್ಯಕ್ಷ. ಮಾಹಿತಿಯ ಸಾಧನಗಳನ್ನು ತಮ್ಮ ಕೆಲಸಕ್ಕೆ ಬಳಸಲು ಪಳಗಿದವರೇ ಅವರ ಕಣ್ಣಿಗೆ ಮಾಹಿತಿ ಸಾಕ್ಷರರು. ಅಂದರೆ ಮಾಹಿತಿ ಎಲ್ಲೋ ಸಿದ್ಧವಾಗಿದೆ, ಬಳಸುವವರು ತಯಾರಾಗಬೇಕು ಅಷ್ಟೆ. ಆ ಮಾಹಿತಿ ಯಾರ ಬೀರುವಿನಲ್ಲಿದೆ, ಬೀಗದ ಕೈ ಯಾರಲ್ಲಿದೆ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ.

ಕೆಲಸದ ಜಾಗದ ಸಮಸ್ಯೆಯನ್ನು ಅಲ್ಲಿನವರ ಜೊತೆಗೂಡಿ ಅರಿತು ಬದಲಿಸಲು ಹೊರಡುವ ಕ್ರಿಯಾ ಸಂಶೋಧನೆಯ ಹುಟ್ಟಿನಲ್ಲೂ ಇಂಥದೇ ತೊಡಕಿದೆ. ಆ ಪದ್ಧತಿಗೆ ರೂಪ ಕೊಟ್ಟ ಕರ್ಟ್ ಲೆವಿನ್‌ನ ಬಳಗ ವರ್ಜೀನಿಯಾದ ಮೇರಿಯನ್ ಎಂಬ ಊರಿನ ಹಾರ್ವುಡ್ ಕಾರ್ಖಾನೆಯಲ್ಲಿ ತನ್ನ ಪ್ರಸಿದ್ಧ ಪ್ರಯೋಗಗಳನ್ನು ನಡೆಸಿತು. ಅದು ಪೈಜಾಮ ಹೊಲಿಯುವ ಕಾರ್ಖಾನೆ, ಹೊಲಿಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಕೆಲಸದ ವಿಧಾನ ಬದಲಿಸುವ ಮುನ್ನ ಅವರನ್ನೂ ಚರ್ಚೆಗೆ ಸೇರಿಸಿಕೊಂಡರೆ ಉತ್ಪಾದನೆ ಬೇಗ ಚೇತರಿಸುತ್ತದೆ ಎಂದು 1948ರಲ್ಲಿ ಪ್ರಕಟವಾದ ಕೋಚ್ ಮತ್ತು ಫ್ರೆಂಚ್‌ರ ಅಧ್ಯಯನ ತೋರಿಸಿತು. ಇದನ್ನು ಇಂದಿಗೂ ಪ್ರಜಾಪ್ರಭುತ್ವದ ಗೆಲುವಾಗಿ ಪಾಠ ಮಾಡುತ್ತಾರೆ. ನನಗೆ ಅದು ಅಷ್ಟು ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಬದಲಾವಣೆಗೆ ಬರುವ ವಿರೋಧವನ್ನು ದಾಟುವುದು ಹೇಗೆ ಎಂಬ ಪ್ರಶ್ನೆಯನ್ನು ಕಟ್ಟಿದ್ದು ಆಡಳಿತದ ಕಡೆಯವರು. ಟಾರ್ಗೆಟ್ ಮುಟ್ಟುವುದರಲ್ಲಿ ಹೆಂಗಸರಿಗೆ ಪಾಲು ಸಿಕ್ಕಿತು. ಯಾವುದನ್ನು ಅಳೆಯಬೇಕು, ಏಕೆ ಅಳೆಯಬೇಕು ಎಂಬ ತೀರ್ಮಾನದಲ್ಲಿ ಸಿಗಲಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಎರಡು ನಿದರ್ಶನಗಳಿವೆ. ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘ 1970ರ ಸುಮಾರಿಗೆ ಕ್ರಿಸ್ಟನ್ ನೈಗಾರ್ಡ್ ಎಂಬ ಕಂಪ್ಯೂಟರ್ ವಿಜ್ಞಾನಿಯ ಜೊತೆ ಸೇರಿ, ಕಾರ್ಖಾನೆಗಳಿಗೆ ಬರುತ್ತಿದ್ದ ಗಣಕ ವ್ಯವಸ್ಥೆಗಳ ಅಧ್ಯಯನ ಶುರುಮಾಡಿತು. ಮೊದಲಿನ ಯೋಜನೆಯಂತೆ ತಜ್ಞರು ವರದಿ ಬರೆಯಬೇಕಿತ್ತು. ಅದರಿಂದ ಏನೂ ಆಗದೆಂದು ಅರಿತು ಅವರು ಫಲಿತಾಂಶದ ವ್ಯಾಖ್ಯೆಯನ್ನೇ ಬದಲಿಸಿದರು: ಸಂಘದವರು ತಾವೇ ಕೈಗೊಂಡ ಕ್ರಮವೇ ಸಂಶೋಧನೆಯ ಫಲಿತಾಂಶ. 1975ರಲ್ಲಿ ಮಾಲೀಕರ ಒಕ್ಕೂಟದೊಂದಿಗೆ ಆದ ರಾಷ್ಟ್ರೀಯ ಒಪ್ಪಂದ, ಇಂಥ ವ್ಯವಸ್ಥೆಗಳ ಮಾಹಿತಿಯನ್ನು ವಿಶೇಷ ಪರಿಣತಿ ಇಲ್ಲದವರಿಗೂ ಅರ್ಥವಾಗುವ ಭಾಷೆಯಲ್ಲಿ ಕೊಡುವ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸಿತು.

ಇನ್ನೊಂದು ನಮ್ಮದೇ ದೇಶದ್ದು. 1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ತನ್ನ ಮೊದಲ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಸಿತು. ಬರ ಪರಿಹಾರದಂಥ ಸರ್ಕಾರಿ ಕಾಮಗಾರಿಗಳ ಮಸ್ಟರ್ ರೋಲ್‌ಗಳನ್ನು (ಹಾಜರಿ ಮತ್ತು ಕೂಲಿಯ ಪಟ್ಟಿಗಳನ್ನು) ಜನರ ನಡುವೆ ಗಟ್ಟಿಯಾಗಿ ಓದಲಾಯಿತು. ಕೇಳುತ್ತ ಕೂತವರಲ್ಲಿ ಅಕ್ಷರ ಬಲ್ಲವರು ಕಡಿಮೆ. ಆದರೆ ಯಾರು ಆ ದಿನ ಕೆಲಸಕ್ಕೆ ಬಂದಿರಲಿಲ್ಲ, ಯಾರಿಗೆ ಎಷ್ಟು ಕೂಲಿ ಕೈಸೇರಿತ್ತು ಎಂಬುದು ಅವರಿಗಲ್ಲದೆ ಇನ್ನಾರಿಗೆ ಗೊತ್ತಿರಲು ಸಾಧ್ಯ? ಕಾಗದದ ಸುಳ್ಳು ಹಿಡಿಯಲು ಬೇಕಿದ್ದ ಅರಿವು ಅವರಲ್ಲಿ ಮೊದಲಿಂದಲೂ ಇತ್ತು. ಕಾಗದ ಮಾತ್ರ ಅವರ ಎದುರಿಗೆ ಬಂದಿರಲಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ಬೇರು ಇಂಥ ಸಭೆಗಳಲ್ಲಿದೆ.

ಹಾಗಾದರೆ ತರಬೇತಿಯೇ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್ ದಾಖಲೆಯಲ್ಲಿ ಒಂದಕ್ಷರ ಬೇರೆ ಇದ್ದರೆ ಅರ್ಜಿ ತಿರುಗಿ ಬರುತ್ತದೆ. ಅದನ್ನು ತಿದ್ದಿಸುವುದು ಹೇಗೆಂದು ಹೇಳಿಕೊಡುವವರು ಬೇಕೇ ಬೇಕು. ವದಂತಿ ಅಪಾಯಕಾರಿ ಎಂಬುದನ್ನೂ ಒಪ್ಪುತ್ತೇನೆ. 2016ರ ಆ ಎರಡು ದಿನಗಳಲ್ಲಿ ವಾಹನಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಅದನ್ನು ಸಮರ್ಥಿಸಲು ನನ್ನಲ್ಲಿ ಮಾತಿಲ್ಲ. ಆದರೆ ವದಂತಿಗೆ ದಾರಿ ಮಾಡಿಕೊಟ್ಟವರು ಯಾರು? ಫೆಬ್ರವರಿಯಲ್ಲಿ ಹೊರಟ ಅಧಿಸೂಚನೆಯನ್ನು ಏಪ್ರಿಲ್‌ನೊಳಗೆ ಕಾರ್ಖಾನೆಗಳಲ್ಲಿ ಕನ್ನಡದಲ್ಲಿ ಓದಿ ಹೇಳಿದ್ದರೆ ವದಂತಿಗೆ ಎಡೆ ಎಲ್ಲಿರುತ್ತಿತ್ತು? ತನ್ನ ಸಾರವನ್ನು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ ಗೋಡೆಗೆ ಹಾಕಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ತಿಳಿಸುವ ಹೊಣೆ ಯಾರದೆಂದು ಕಾನೂನಿಗೆ ಆಗಲೇ ಗೊತ್ತಿತ್ತು.

ಕಾರ್ಮಿಕರಿಗೆ ತಿಳಿದರೂ ದುಡ್ಡು ಬರುವುದಿಲ್ಲ ಎಂಬುದಕ್ಕೆ 2020ರ ತುಟ್ಟಿಭತ್ಯೆ ಸಾಕ್ಷಿ. ಆ ಏಪ್ರಿಲ್‌ನಿಂದ ತಿಂಗಳಿಗೆ 417 ರೂಪಾಯಿ 60 ಪೈಸೆ ಹೆಚ್ಚು ಸಿಗಬೇಕಿತ್ತು, ದಿನಕ್ಕೆ ಸುಮಾರು 16 ರೂಪಾಯಿ. ಕೋವಿಡ್ ನೆಪದಲ್ಲಿ ರಾಜ್ಯ ಸರ್ಕಾರ ಅದನ್ನು ಮುಂದೂಡಿತು, ಹೈಕೋರ್ಟ್ ಆ ಆದೇಶವನ್ನು ತಡೆಯಿತು, ಆದರೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಬಾಕಿ ಸಿಗತೊಡಗಿದ್ದು 2022ರಲ್ಲಿ, ಸಂಘಗಳು ಮತ್ತು ಹೊರದೇಶದ ಬ್ರ್ಯಾಂಡ್‌ಗಳ ಒತ್ತಡ ಬಿದ್ದ ಮೇಲೆ.

ಸಂಶೋಧಕರ ಕಷ್ಟ ನನಗೆ ಅರ್ಥವಾಗುತ್ತದೆ. ಗೇಟಿನೊಳಗೆ ಹೋಗಲು ಆಡಳಿತದ ಅನುಮತಿ ಬೇಕು, ಅನುಮತಿ ಸಿಗಬೇಕಾದರೆ ವಿಷಯ ಮೆದುವಾಗಿರಬೇಕು. ಹಾಗಾಗಿ ಸ್ವಚ್ಛತೆ, ಉಳಿತಾಯ, ಮೊಬೈಲ್ ಬಳಕೆಯ ಪಾಠಗಳು ಸುಲಭವಾಗಿ ಒಳಗೆ ಹೋಗುತ್ತವೆ, ಪೇಸ್ಲಿಪ್ ಹೊರಗೇ ಉಳಿಯುತ್ತದೆ. ಎಷ್ಟು ಜನ ಹಾಜರಿದ್ದರು, ಪಾಠಕ್ಕೆ ಮುಂಚೆ ಎಷ್ಟು ಅಂಕ, ಆಮೇಲೆ ಎಷ್ಟು ಎಂಬ ಕೋಷ್ಟಕದೊಂದಿಗೆ ಇಂಗ್ಲಿಷಿನಲ್ಲಿ ಬರೆದ ವರದಿ ಕಾರ್ಖಾನೆಯಿಂದ ದೂರ ಹೋಗಿಬಿಡುತ್ತದೆ. ಇದನ್ನು ಕ್ರಿಯಾ ಸಂಶೋಧನೆ ಎಂದು ನಾನು ಒಪ್ಪಲಾರೆ.

ಹಾಗಿದ್ದರೆ ಗೇಟಿನ ಹೊರಗೇ ಶುರುಮಾಡಬಹುದು. ಒಂದು ಲೈನ್‌ನ ಹೆಂಗಸರು ಭಾನುವಾರ ಯಾರದೋ ಮನೆಯಲ್ಲಿ ಸೇರಲಿ. ಪೇಸ್ಲಿಪ್ ಮತ್ತು ಪಿಎಫ್ ಪಾಸ್‌ಬುಕ್ ಎರಡನ್ನೂ ಪಕ್ಕಪಕ್ಕ ಇಟ್ಟು, ಸಂಬಳದಲ್ಲಿ ಕಡಿತವಾದ ಪ್ರತಿ ತಿಂಗಳೂ ಖಾತೆಗೆ ಜಮೆಯಾಗಿದೆಯೇ ಎಂದು ನೋಡಲಿ. ಯಾವ ತಿಂಗಳು ಕಾಣುತ್ತಿಲ್ಲ ಎಂಬ ಪಟ್ಟಿ ಅವರ ಬಳಿಯೇ ಇರಲಿ, ಪಿಎಫ್ ಕಚೇರಿಗೆ ಅರ್ಜಿ ಅವರ ಹೆಸರಿನಲ್ಲೇ ಹೋಗಲಿ. ಜೊತೆಗಿದ್ದ ಸಂಶೋಧಕರು ತಮ್ಮ ವರದಿಯನ್ನು ಕನ್ನಡದಲ್ಲಿ ಬರೆದು, ಆ ಅರ್ಜಿಗಳಲ್ಲಿ ಎಷ್ಟಕ್ಕೆ ದುಡ್ಡು ಬಂತು, ಎಷ್ಟು ಹಾಗೇ ಬಿದ್ದಿವೆ ಎಂಬುದನ್ನು ಮೊದಲ ಪುಟದಲ್ಲೇ ಹೇಳಲಿ.