ಮೂರು ನೀರಿನ ಬೆಟ್ಟ

ಬ್ರಹ್ಮಗಿರಿಗೆ ಹೋಗಿ ಬಂದೆ ಎಂದರೆ ಹತ್ತರಲ್ಲಿ ಎಂಟು ಮಂದಿ, ‘ತಲಕಾವೇರಿಯ ಮೆಟ್ಟಿಲು ಹತ್ತಿದಿರಾ?’ ಎಂದು ಕೇಳುತ್ತಾರೆ. ತಪ್ಪು ಅವರದಲ್ಲ. ಆ ಹೆಸರಿನ ಬೆಟ್ಟಗಳು ಹಲವು. ಅಶೋಕನ ಶಾಸನವಿರುವ ಬ್ರಹ್ಮಗಿರಿ ಮೊಳಕಾಲ್ಮೂರು ಸೀಮೆಯದು; 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ್ದು ಅಲ್ಲಿ. ಗೋದಾವರಿ ಹುಟ್ಟುವ ತ್ರ್ಯಂಬಕೇಶ್ವರದ ಬೆಟ್ಟಕ್ಕೂ ಅದೇ ಹೆಸರು. 2020ರ ಆಗಸ್ಟ್‌ನಲ್ಲಿ ಕುಸಿದು ಅರ್ಚಕರ ಮನೆಯನ್ನೇ ಕೊಚ್ಚಿಕೊಂಡು ಹೋದದ್ದು ತಲಕಾವೇರಿಯ ಬ್ರಹ್ಮಗಿರಿ. ಈ ವಾರ ಬರೆಯುತ್ತಿರುವುದು ಇವು ಯಾವುದರ ಬಗ್ಗೆಯೂ ಅಲ್ಲ. ಕೊಡಗಿನ ತೆಂಕಣ ಅಂಚಿನಲ್ಲಿ, ಇರ್ಪು ದೇವಸ್ಥಾನದ ಬೆನ್ನಿಗೆ ಎದ್ದು ನಿಂತು, ಆಚೆಯ ಮೈಯನ್ನು ವಯನಾಡಿಗೆ ಕೊಟ್ಟಿರುವ ಗಡಿಸಾಲು ಇದು.

ಎತ್ತರದ ಲೆಕ್ಕ ಹಿಡಿದವರಿಗೆ ಇದು ಸಣ್ಣ ಬೆಟ್ಟ. ತಡಿಯಂಡಮೋಳ್ 1,748 ಮೀಟರ್, ಪುಷ್ಪಗಿರಿ 1,712. ಬ್ರಹ್ಮಗಿರಿಯ ತುದಿ 1,608. ಆದರೆ ಬೆಟ್ಟವನ್ನು ಎತ್ತರದಲ್ಲಿ ಅಳೆದರೆ ಸಿಗುವುದು ಒಂದು ಸಂಖ್ಯೆ ಮಾತ್ರ. ಅದರ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಂಡು ನಡೆದರೆ ಬೆಟ್ಟದ ಇಡೀ ಸಂಸಾರ ತೆರೆದುಕೊಳ್ಳುತ್ತದೆ. ನನಗೆ ಈ ಪಾಠ ಕಲಿಸಿದ್ದು ಬ್ರಹ್ಮಗಿರಿ. ಮೊದಲ ಸಲ ತುದಿ ಮುಟ್ಟುವ ಒಂದೇ ಆಸೆಯಿಂದ ದಾಪುಗಾಲು ಹಾಕಿದ್ದೆ. ಮೇಲೆ ತಲುಪುವಷ್ಟರಲ್ಲಿ ಕೇರಳದ ಕಡೆಯಿಂದ ಎದ್ದ ಮಂಜು ನನ್ನ ಕೈಗಳೇ ನನಗೆ ಕಾಣದಂತೆ ಮುಚ್ಚಿತು. ಏನೂ ಕಾಣದೆ ಕುಳಿತಾಗ ಕೇಳಿಸಿದ್ದು ನೀರಿನ ಸದ್ದು. ಎಡಕ್ಕೊಂದು ತೊರೆ, ಬಲಕ್ಕೊಂದು ತೊರೆ. ಎರಡೂ ಬೇರೆ ಬೇರೆ ದಿಕ್ಕಿಗೆ ಇಳಿಯುತ್ತಿದ್ದವು.

ನಡಿಗೆ ಶುರುವಾಗುವುದು ಇರ್ಪುವಿನ ರಾಮೇಶ್ವರ ದೇವಸ್ಥಾನದ ಬಳಿ. ಲಕ್ಷ್ಮಣತೀರ್ಥ ಇಲ್ಲಿ ಸುಮಾರು 170 ಅಡಿ ಧುಮುಕುತ್ತದೆ. ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟು ನೀರು ತರಿಸಿದ ಎಂಬುದು ಸ್ಥಳಪುರಾಣ. ಶಿವರಾತ್ರಿಗೆ ಇಲ್ಲಿ ಜನಜಾತ್ರೆ ಸೇರುತ್ತದೆ. ಬಹುತೇಕರು ಜಲಪಾತ ನೋಡಿ ಹಿಂದಿರುಗುತ್ತಾರೆ. ಚಾರಣದ ಹಾದಿ ಅಲ್ಲಿಂದ ಕವಲೊಡೆದು ಕಾಡಿನೊಳಗೆ ಏರುತ್ತದೆ. ತುದಿಗೆ ಸುಮಾರು ಒಂಬತ್ತು ಕಿಲೋಮೀಟರ್. ದೂರ ಹೆಚ್ಚಲ್ಲ, ಆದರೆ ಈ ಹಾದಿಯಲ್ಲಿ ಮೂರು ಬೇರೆ ಬೇರೆ ನೆಲಗಳಿವೆ. ಮೂರಕ್ಕೂ ಬೇರೆ ಬೇರೆ ಕಾಲು ಬೇಕು.

ಮೊದಲನೆಯದು ನಿತ್ಯಹರಿದ್ವರ್ಣದ ಕಾಡು. ಬೆಳಗಿನ ಒಂಬತ್ತಕ್ಕೂ ಇಲ್ಲಿ ಸಂಜೆಯ ಬೆಳಕು. ನೆಲದ ಮೇಲೆ ತರಗೆಲೆ, ತರಗೆಲೆಯ ಅಡಿಯಲ್ಲಿ ಒದ್ದೆ ಬೇರು, ಬೇರಿನ ಅಡಿಯಲ್ಲಿ ಜಾರುವ ಕಲ್ಲು. ಹಿಮ್ಮಡಿ ಊರಿ ನಡೆಯುವವರು ಬೀಳುತ್ತಾರೆ. ಅಂಗಾಲು ಪೂರಾ ಇಟ್ಟು, ಹೆಜ್ಜೆ ಸಣ್ಣದು ಮಾಡಿ ಏರಬೇಕು. ಮಳೆಗಾಲ ಮುಗಿದು ತಿಂಗಳಾದರೂ ಇಂಬಳ ಇರುತ್ತದೆ. ಹೊಗೆಸೊಪ್ಪಿನ ಪುಡಿಯನ್ನು ಕಾಲುಚೀಲಕ್ಕೆ ತಿಕ್ಕಿಕೊಳ್ಳುವ ಹಳೆಯ ಉಪಾಯ ಇಂದಿಗೂ ಸಾಕು. ಎರಡು ಮೂರು ಕಡೆ ತೊರೆ ದಾಟಬೇಕು. ದಾಟುವ ಮುನ್ನ ಒಂದು ನಿಮಿಷ ನಿಲ್ಲಿ. ಕೆಳಗೆ ನೂರಾರು ಜನ ಕೈಮುಗಿದ ಜಲಪಾತ ಇಲ್ಲಿ ಮೊಣಕಾಲುದ್ದದ ತಿಳಿನೀರು.

ಎರಡನೆಯದು ನರಿಮಲೆ. ಕಾಡು ಮುಗಿದು ಹುಲ್ಲು ಶುರುವಾಗುವ ಅಂಚಿನಲ್ಲಿ ಅರಣ್ಯ ಇಲಾಖೆಯ ತಂಗುಮನೆ ಇದೆ. ಹೊರಗಿನವರು ಹೆಸರು ಕೇಳಿ ನರಿಗಳ ಬೆಟ್ಟ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಜೊತೆಗೆ ಬಂದಿದ್ದ ಅರಣ್ಯ ವೀಕ್ಷಕರು ತಿದ್ದಿದರು: ‘ನಮ್ಮಲ್ಲಿ ನರಿ ಅಂದ್ರೆ ಹುಲಿ.’ ಕೊಡವ ತಕ್ಕ್‌ನಲ್ಲಿ ಮಾತು ಹಾಗೆಯೇ ಇದೆ. ಹುಲಿ ಹೊಡೆದವನಿಗೆ ಹುಲಿಯೊಂದಿಗೆ ಮದುವೆ ಮಾಡಿಸಿ ಗೌರವಿಸುತ್ತಿದ್ದ ಹಳೆಯ ಆಚರಣೆಯ ಹೆಸರೇ ನರಿ ಮಂಗಲ. ಹೆಸರಿನ ಅರ್ಥ ತಿಳಿದ ಮೇಲೆ ನಡೆಯುವ ರೀತಿಯೇ ಬದಲಾಯಿತು. ಮಾತು ಕಡಿಮೆಯಾಯಿತು, ಕಣ್ಣು ಹೆಚ್ಚು ಕೆಲಸ ಮಾಡಿತು.

ಮೂರನೆಯದು ಹುಲ್ಲು ಮತ್ತು ಶೋಲಾ. ಬ್ರಹ್ಮಗಿರಿಯನ್ನು ನಾನು ಮತ್ತೆ ಮತ್ತೆ ಹುಡುಕಿಕೊಂಡು ಹೋಗುವುದು ಈ ಭಾಗಕ್ಕಾಗಿ. ಬೆಟ್ಟದ ಮೈ ಪೂರಾ ಹುಲ್ಲು. ಎರಡು ಇಳಿಜಾರು ಸೇರುವ ಮಡಿಕೆಯಲ್ಲಿ ಮಾತ್ರ ಮರ; ಅದೇ ಶೋಲಾ. ಕಂಬಳಿಯ ಸುಕ್ಕಿನಲ್ಲಿ ಪಾಚಿ ಕಟ್ಟಿದ ಹಾಗೆ. ಗಾಳಿ, ಬೆಂಕಿ, ಮಣ್ಣಿನ ಆಳ ಇವು ಮೂರೂ ಕೂಡಿ ಈ ಚಿತ್ರ ಬರೆದಿವೆ. ಏಣಿನ ಮೇಲೆ ಮಣ್ಣು ತೆಳು, ಮಳೆಗಾಲದ ಗಾಳಿಗೆ ತಡೆಯಿಲ್ಲ. ಅಲ್ಲಿ ಸಸಿ ನಿಲ್ಲುವುದು ಕಷ್ಟ, ಹುಲ್ಲು ಮಾತ್ರ ಬಾಗಿ ಬದುಕುತ್ತದೆ. ಮಡಿಕೆಯಲ್ಲಿ ಮಣ್ಣು ಆಳ, ತೇವ ಸದಾ ಇರುತ್ತದೆ. ಅಲ್ಲಿ ಗಿಡ್ಡ ಮರಗಳು ಒಂದಕ್ಕೊಂದು ಒತ್ತಿಕೊಂಡು, ಮೈಗೆಲ್ಲ ಪಾಚಿ ಕಲ್ಲುಹೂ ಹೊದ್ದು ನಿಂತಿರುತ್ತವೆ. ಹುಲ್ಲಿನ ಬೇರು ಮಳೆಯನ್ನು ಹಿಡಿದು ನಿಧಾನಕ್ಕೆ ಕೆಳಗೆ ಬಿಡುತ್ತದೆ, ಶೋಲಾದ ಕೊಳೆತ ಎಲೆಯ ಹಾಸು ಅದನ್ನು ಇನ್ನಷ್ಟು ನಿಧಾನ ಮಾಡುತ್ತದೆ. ಇಂಥ ಹುಲ್ಲುಗಾವಲನ್ನು ಬಂಜರು ಎಂದು ಕರೆದು ಗಿಡ ನೆಡಲು ಹೊರಡುವವರು ಡಿಸೆಂಬರಿನಲ್ಲಿ ಒಮ್ಮೆ ಇಲ್ಲಿಗೆ ಬರಬೇಕು. ಮಳೆ ನಿಂತು ಎಷ್ಟೋ ದಿನವಾಗಿದ್ದರೂ ಪ್ರತಿ ಮಡಿಕೆಯ ಬುಡದಲ್ಲೂ ನೀರು ಜಿನುಗುತ್ತಿರುತ್ತದೆ.

ಹುಲ್ಲಿನಲ್ಲಿ ನಡೆಯುವಾಗ ಕಾಲಿಗಿಂತ ಉಸಿರಿನ ಲೆಕ್ಕ ಮುಖ್ಯ. ಒಂದು ದಿಬ್ಬ ಏರಿದರೆ ಇದೇ ತುದಿ ಎನ್ನಿಸುತ್ತದೆ. ಏರಿದ ಮೇಲೆ ಇನ್ನೊಂದು ದಿಬ್ಬ ಕಾಣುತ್ತದೆ. ಕೊನೆಯ ಏರು ಕಡಿದು. ಅಲ್ಲಿ ಕೋಲು ಬೇಕು, ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರಾಡುವ ತಾಳ್ಮೆ ಬೇಕು. ಕಾಲಡಿಯ ಕಲ್ಲಿಗೆ ಕೊಡುವ ಗೌರವವೂ ಬೇಕು; ಕೊಡಗಿನ ತಳಪಾಯದ ಶಿಲೆಗಳ ವಯಸ್ಸು 300 ಕೋಟಿ ವರ್ಷಕ್ಕೂ ಹೆಚ್ಚು.

ಏಣಿನ ಮೇಲೆ ನಿಂತರೆ ಒಂದು ಕಾಲು ಕರ್ನಾಟಕದಲ್ಲಿ, ಇನ್ನೊಂದು ಕೇರಳದಲ್ಲಿ. ಈ ಗೆರೆ ಈ ಎರಡು ರಾಜ್ಯಗಳದ್ದಾದದ್ದು 1956ರ ನವೆಂಬರ್ 1ರಂದು. ಅದಕ್ಕೂ ಮೊದಲು ಈಚೆ ಕೊಡಗು ಪ್ರತ್ಯೇಕ ರಾಜ್ಯ, ಆಚೆ ಮದರಾಸು ರಾಜ್ಯದ ಮಲಬಾರ್. ಗೆರೆಯ ಎರಡೂ ಬದಿಯಲ್ಲಿ ಒಂದೇ ಬುಡಕಟ್ಟು ಇದೆ. ತಮ್ಮನ್ನು ರಾವುಳ ಎಂದು ಕರೆದುಕೊಳ್ಳುವ ಅವರಿಗೆ ಈಚೆ ಯರವ ಎಂಬ ಹೆಸರು, ಆಚೆ ಅಡಿಯ. ನಿಜವಾದ ಗಡಿಯೊಂದು ಇಲ್ಲಿ ಇದ್ದರೆ ಅದು ನೀಲಗಿರಿ ಮುಸುವನದು. ಕನ್ಯಾಕುಮಾರಿಯ ಬಳಿಯಿಂದ ಪಶ್ಚಿಮಘಟ್ಟದುದ್ದಕ್ಕೂ ಸಿಗುವ ಆ ಕರಿಯ ಕೋತಿಯ ನೆಲೆ ಉತ್ತರದಲ್ಲಿ ಮುಗಿಯುವುದು ಈ ಬೆಟ್ಟದ ಬುಡದ ಶ್ರೀಮಂಗಲದ ಸುತ್ತ.

ಈಗ ನೀರಿನ ಮಾತು. ಈಚೆಗೆ ಬಿದ್ದ ಮಳೆ ಲಕ್ಷ್ಮಣತೀರ್ಥವಾಗಿ ಇರ್ಪುವಿನಲ್ಲಿ ಧುಮುಕಿ, ನಾಗರಹೊಳೆಯ ಕಾಡು ಹಾದು, ಹುಣಸೂರು ದಾಟಿ, ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯಾಗುತ್ತದೆ. ಆಚೆಗೆ ಬಿದ್ದದ್ದು ಕಾಳಿಂದಿಯಾಗಿ ತಿರುನೆಲ್ಲಿಗೆ ಇಳಿಯುತ್ತದೆ. ಅಲ್ಲಿನ ವಿಷ್ಣು ದೇವಾಲಯಕ್ಕೆ ಬೆಟ್ಟದ ನೀರನ್ನು ಕಲ್ಲುಕಂಬಗಳ ಮೇಲಿನ ಕಲ್ಲುದೋಣಿಯಲ್ಲಿ ತಂದಿದ್ದಾರೆ. ಪಿತೃಗಳಿಗೆ ತರ್ಪಣ ಬಿಡುವ ಪಾಪನಾಶಿನಿಯೂ ಇದೇ ಬೆಟ್ಟದ ತೊರೆ. ಕಾಳಿಂದಿ ಕಬಿನಿಯನ್ನು ಸೇರುತ್ತದೆ. ಕಬಿನಿ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಹರಿದು, ನಂಜನಗೂಡಿನಲ್ಲಿ ಕಪಿಲೆ ಎನ್ನಿಸಿಕೊಂಡು, ತಿರುಮಕೂಡಲು ನರಸೀಪುರಕ್ಕೆ ಬರುತ್ತದೆ. ಅಲ್ಲಿ ಅದಕ್ಕಾಗಿ ಕಾವೇರಿ ಕಾದಿರುತ್ತಾಳೆ. ಬೆಟ್ಟದ ಮೇಲೆ ಬೆನ್ನು ತಿರುಗಿಸಿ ಹೊರಟ ಎರಡು ಹನಿಗಳು ಸಂಗಮದಲ್ಲಿ ಎದುರುಬದುರಾಗುತ್ತವೆ. ಮೂರನೆಯ ನೀರು ಬರಪೊಳೆ. ಅದು ಮಾತ್ರ ಪಡುವಣಕ್ಕೆ ತಿರುಗಿ, ವಳಪಟ್ಟಣಂ ನದಿಯೊಂದಿಗೆ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಒಂದೇ ಸಾಲಿನಿಂದ ಎರಡು ಸಮುದ್ರಕ್ಕೆ ನೀರು.

ಹೋಗುವವರಿಗೆ ನಾಲ್ಕು ಮಾತು. 1974ರಿಂದ ಇದು ವನ್ಯಜೀವಿಧಾಮ. 181 ಚದರ ಕಿಲೋಮೀಟರಿನ ಆನೆ, ಕಾಟಿ, ಹುಲಿಗಳ ಮನೆ. ಅನುಮತಿ ಮೊದಲೇ ಪಡೆಯಿರಿ, ಇಲಾಖೆಯವರ ಜೊತೆಯಿಲ್ಲದೆ ಕಾಲಿಡಬೇಡಿ. ಮಳೆಗಾಲ, ಬೇಸಿಗೆಯ ಬೆಂಕಿಯ ಕಾಲ ಎರಡರಲ್ಲೂ ಹಾದಿ ಮುಚ್ಚಿರುತ್ತದೆ. ನನ್ನ ಮಟ್ಟಿಗೆ ನವೆಂಬರಿನ ಕೊನೆಯ ಎರಡು ವಾರಕ್ಕೆ ಸಾಟಿಯಿಲ್ಲ. ಆಗ ಹುಲ್ಲು ಹೊನ್ನಿನ ಬಣ್ಣಕ್ಕೆ ತಿರುಗುತ್ತಿರುತ್ತದೆ, ತೊರೆ ಇನ್ನೂ ತುಂಬಿರುತ್ತದೆ. ಏಣು ದಾಟಿ ತಿರುನೆಲ್ಲಿಯ ಕಡೆಗೆ, ಪಕ್ಷಿಪಾತಾಳದ ಬಂಡೆಗುಹೆಗಳಿಗೆ ಇಳಿಯುವ ಆಸೆ ಯಾರಿಗಾದರೂ ಆಗುತ್ತದೆ. ಆ ಮೈ ಕೇರಳದ ಅರಣ್ಯ ಇಲಾಖೆಯದು. ಅಲ್ಲಿಗೆ ತಿರುನೆಲ್ಲಿಯಿಂದಲೇ ಅನುಮತಿ ಪಡೆದು ಏರುವುದು ಸರಿಯಾದ ಕ್ರಮ. ತುದಿಗೆ ಹೊತ್ತಾಯಿತು ಎನ್ನಿಸಿದರೆ ನರಿಮಲೆಯ ಮೇಲಿನ ಮೊದಲ ಶೋಲಾದ ಬಳಿಯೇ ಕುಳಿತು ಹಿಂದಿರುಗಿ. ಅರ್ಧ ನಡೆದವರು ಬ್ರಹ್ಮಗಿರಿಯನ್ನು ಅರ್ಧ ಕಂಡವರಲ್ಲ.

ಕೊನೆಯದಾಗಿ, ಬೆಂಗಳೂರಿನಿಂದ ಬರುವ ಗೆಳೆಯರಿಗೆ ಒಂದು ವಿಷಯ. ಕಳೆದ ಸಲ ಇಳಿಯುವಾಗ ಹುಲ್ಲಿನಲ್ಲಿ ಹನ್ನೊಂದು ಪ್ಲಾಸ್ಟಿಕ್ ಬಾಟಲಿ ಹೆಕ್ಕಿದೆ. ದಯವಿಟ್ಟು ಹೊತ್ತು ತಂದದ್ದನ್ನು ಹೊತ್ತೇ ಇಳಿಯಿರಿ. ತೊರೆಕಾಡನಹಳ್ಳಿಯಿಂದ ನಿಮ್ಮ ಮನೆಯ ನಲ್ಲಿಗೆ ಏರಿ ಬರುವ ಕಾವೇರಿ ನರಸೀಪುರದ ಸಂಗಮ ದಾಟಿ ಬಂದವಳು. ಬರಪೊಳೆಯ ಕಡೆಯೊಂದನ್ನು ಬಿಟ್ಟರೆ, ನೀವು ಬೆಟ್ಟದ ಯಾವ ಮಗ್ಗುಲಲ್ಲಿ ಬಾಟಲಿ ಎಸೆದರೂ, ಅದನ್ನು ತೊಳೆದ ನೀರು ಇಳಿಯುವುದು ಆ ದಾರಿಗೇ.