ಅಂಕಿಗಳ ಚಿತ್ರಪಟವೂ ಔಚಿತ್ಯವೂ

ಅಂಕಿಅಂಶಗಳನ್ನು ಚಿತ್ರರೂಪದಿಂದ ಒಂದೇ ಹಾಳೆಯ ಮೇಲೆ ನಿಲ್ಲಿಸಿ ಗೋಡೆಗೆ ತೂಗುಹಾಕುವ ಪದ್ಧತಿಯು ಈಗ ಶಾಲೆಗಳಿಗೂ ಪಂಚಾಯಿತಿ ಕಚೇರಿಗಳಿಗೂ ಬಂದಿರುವುದು. ಇಂಥ ಪಟಗಳನ್ನು ಸಾಹಿತ್ಯಪತ್ರಿಕೆಯೊಂದರಲ್ಲಿ ವಿಮರ್ಶಿಸುವುದು ಅಪ್ರಸ್ತುತವೆಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಮಳೆಯ ಪಟ್ಟಿಯೊಂದು, ಕೆರೆಗಳ ಪಟ್ಟಿಯೊಂದು, ಬೇರೆಬೇರೆ ಪುಸ್ತಕಗಳಲ್ಲಿರುವವರೆಗೆ ಅವು ಬರಿಯ ಲೆಕ್ಕಗಳು. ಅವೆರಡನ್ನು ಒಂದೇ ಹಾಳೆಯ ಮೇಲೆ ಎದುರುಬದುರಾಗಿಟ್ಟೊಡನೆ ಅಲ್ಲೊಂದು ಉಪಮೆ ಹುಟ್ಟುವುದು. ಅದೂ ಎಂಥ ಉಪಮೆ? "ಅಂತೆ" "ಹಾಗೆ" ಎಂಬ ವಾಚಕಪದವಿಲ್ಲದ ಲುಪ್ತೋಪಮೆ. ಪಟ ಬರೆದವನು ಏನನ್ನೂ ಬಾಯಿಬಿಟ್ಟು ಹೇಳನು. ನೋಡುವವನು ತಾನೇ ಅರ್ಥವನ್ನು ಕಟ್ಟಿಕೊಳ್ಳುವನು. ತಾನೇ ಕಟ್ಟಿಕೊಂಡ ಅರ್ಥವನ್ನು ಮನುಷ್ಯನು ಬೇಗ ಬಿಟ್ಟುಕೊಡುವುದಿಲ್ಲ. ಆದುದರಿಂದ ಅಲಂಕಾರವು ತನಗೆ ತಕ್ಕ ಎಡೆಯಲ್ಲಿದ್ದರೆ ಮಾತ್ರ ಅಲಂಕಾರವೆಂಬ ಕ್ಷೇಮೇಂದ್ರನ ನಿಲವನ್ನು ಈ ಪಟಗಳಿಗೂ ಅನ್ವಯಿಸಿ ನೋಡುವುದು ಉಚಿತವೆಂದೇ ಭಾವಿಸುತ್ತೇವೆ.

ಈ ಕಲೆಯಲ್ಲಿ ಉತ್ತಮಕೃತಿಯೆಂದು ಹೆಸರಾದುದು ಫ್ರಾನ್ಸ್ ದೇಶದ ಎಂಜಿನಿಯರ್ ಷಾರ್ಲ್ ಜೋಸೆಫ್ ಮಿನಾರನು 1869ರಲ್ಲಿ ಪ್ರಕಟಿಸಿದ, ನೆಪೋಲಿಯನ್ನನ ರಷ್ಯಾ ದಂಡಯಾತ್ರೆಯ ಪಟ. ಸೈನ್ಯದ ಸಂಖ್ಯೆ, ನಡೆದ ದಾರಿ, ಹೋದ ದಿಕ್ಕು, ಹಿಂತಿರುಗುವಾಗಿನ ದಿನಾಂಕ, ಆ ದಿನಗಳ ಚಳಿ, ಇವೆಲ್ಲವೂ ಅಲ್ಲಿ ಒಂದೇ ಚಿತ್ರದಲ್ಲಿ ಕೂಡಿರುವುವು. 4,22,000 ಮಂದಿಯೊಡನೆ ಹೊರಟ ಅಗಲವಾದ ಪಟ್ಟೆಯು ಮಾಸ್ಕೋ ನಗರವನ್ನು ಸೇರುವಾಗ 1,00,000ಕ್ಕೆ ಕುಗ್ಗಿ, ಹಿಂತಿರುಗಿ ಬರುವಾಗ 10,000ದ ದಾರದೆಳೆಯಾಗಿ ಮುಗಿಯುವುದು. ಇದನ್ನು ಹೊಗಳದವರಿಲ್ಲ. ಆದರೂ ಒಂದು ಮಾತು: ಚಳಿಯ ರೇಖೆಯನ್ನು ಮಿನಾರನು ಹಿಂತಿರುಗುವ ದಾರಿಯ ಕೆಳಗೆ ಮಾತ್ರ ಎಳೆದಿರುವನಾಗಿ, ನೋಡುವವನ ಕಣ್ಣು ಸೈನ್ಯವನ್ನು ಚಳಿಯೇ ಕೊಂದಿತೆಂದು ತೀರ್ಮಾನಿಸಿಬಿಡುವುದು. ಪಟ್ಟೆಯ ಅಗಲವನ್ನು ತಾಳ್ಮೆಯಿಂದ ಅಳೆದರೆ, ಬಹುಪಾಲು ಸೈನ್ಯವು ಚಳಿ ಬರುವುದಕ್ಕೆ ಮೊದಲೇ, ಹೋಗುವ ದಾರಿಯಲ್ಲಿಯೇ ಕರಗಿರುವುದು ಕಾಣುವುದು. ಧ್ವನಿ ಒಂದು ಕಡೆ, ವಾಚ್ಯ ಇನ್ನೊಂದು ಕಡೆ. ಮಿನಾರನ ಹಿರಿಮೆಯನ್ನು ನಾವು ಕಾಣುವುದು ಬೇರೆಡೆಯಲ್ಲಿ. ದಾರಿಯಲ್ಲಿ ಬೇರೆಯಾಗಿ ಹೋಗಿ ಮತ್ತೆ ಬಂದು ಸೇರಿದ ಎರಡು ಪಡೆಗಳನ್ನು, ಚಿತ್ರವು ತೊಡಕಾಗದಿರಲೆಂದು, ಮುಖ್ಯ ಸೈನ್ಯದೊಡನೆಯೇ ನಡೆದುವೆಂದು ತಾನು ಭಾವಿಸಿಕೊಂಡಿರುವುದಾಗಿ ಅವನು ಪಟದ ಮೇಲೆಯೇ ಬರೆದಿರುವನು. ಹೊಲಿಗೆ ಎಲ್ಲಿದೆಯೆಂಬುದನ್ನು ತೋರಿಸಿ ಬಟ್ಟೆ ಮಾರುವ ವ್ಯಾಪಾರಿಗಳು ವಿರಳ.

ಈ ಅಳತೆಗೋಲನ್ನು ಹಿಡಿದು ನಮ್ಮ ಜಿಲ್ಲೆಗೆ ಬರೋಣ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ಹೋಬಳಿಯ ನೀರಿನ ಸ್ಥಿತಿಯನ್ನು ಕುರಿತು ಒಂದು ಪಟವನ್ನು ಬರೆಯತಕ್ಕದ್ದೆಂದು ಇಟ್ಟುಕೊಳ್ಳೋಣ. ಇದಕ್ಕಿಂತ ಯೋಗ್ಯವಾದ ವಿಷಯ ಈ ಕಡೆಗೆ ಮತ್ತೊಂದಿಲ್ಲ. ವರ್ಷವೆಲ್ಲ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಕೆರೆಗೇ ಸಮುದ್ರವೆಂದು ಹೆಸರಿಟ್ಟು ಊರನ್ನು ಕರೆದಿರುವರು. ಪಟಕ್ಕೆ ಬೇಕಾದ ಪಟ್ಟಿಗಳೇನೋ ಉಂಟು. ಅವು ಒಂದಕ್ಕೊಂದು ಹೊಂದುವುದಿಲ್ಲವೆಂಬುದೇ ಕಷ್ಟ. ಮೊದಲನೆಯ ತೊಡಕು ಹೆಸರಿನದು. ರೈಲ್ವೆಯವರಿಗೆ ಇದು ಕಾಮಸಮುದ್ರಂ. ರೈಸ್ ಸಾಹೇಬರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ ಬಂಗಾರಪೇಟೆಯನ್ನು ಹುಡುಕಿದರೆ ದೊರೆಯದು. ಅದು ಅಂದಿಗೆ ಬೌರಿಂಗಪೇಟೆ. ಯಂತ್ರಕ್ಕೆ ಪಟ್ಟಿಗಳನ್ನು ಕೊಟ್ಟು ಕೂಡಿಸೆಂದರೆ ಅದು ಒಂದೇ ಊರನ್ನು ಎರಡು ಮಾಡುವುದು, ಇಲ್ಲವೆ ಎರಡನ್ನೂ ಕೈಬಿಡುವುದು.

ಕೆರೆಗಳ ಲೆಕ್ಕವೂ ಒಂದೆಡೆಯಲ್ಲಿಲ್ಲ. 40 ಹೆಕ್ಟೇರಿಗೆ ಮೇಲ್ಪಟ್ಟ ಅಚ್ಚುಕಟ್ಟುಳ್ಳ ಕೆರೆಗಳು ಸಣ್ಣ ನೀರಾವರಿ ಇಲಾಖೆಯವು. ಅದಕ್ಕಿಂತ ಚಿಕ್ಕವು ಪಂಚಾಯತ್ ಆಡಳಿತಕ್ಕೆ ಸೇರಿದವು. ಒಂದೇ ಪಟ್ಟಿಯನ್ನು ತಂದು ಪಟ ಬರೆದವನು ದೊಡ್ಡ ಕೆರೆಗಳನ್ನಷ್ಟೇ ಕಾಣುವನು; ಹಳ್ಳಿಯ ದನಗಳು ನೀರು ಕುಡಿಯುವ, ಅಗಸರು ಬಟ್ಟೆ ಒಗೆಯುವ ಚಿಕ್ಕ ಕೆರೆಯು ಅವನ ಲೋಕದಲ್ಲಿಲ್ಲ.

ಮಳೆಯ ವಿಷಯವು ಇನ್ನೂ ಸೂಕ್ಷ್ಮ. ಹಳೆಯ ಲೆಕ್ಕವು ಅಂಗುಲಗಳಲ್ಲಿದೆ, ಹೊಸದು ಮಿಲಿಮೀಟರುಗಳಲ್ಲಿ. ಇದು ಗುಣಾಕಾರದಿಂದ ತೀರುವ ತೊಂದರೆ. ಹಳೆಯದು ತಾಲ್ಲೂಕು ಕೇಂದ್ರದ ಮಳೆಮಾಪಕದ ಲೆಕ್ಕ. ಹೋಬಳಿ, ಗ್ರಾಮಪಂಚಾಯಿತಿಗಳಲ್ಲಿ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮಾಪಕಗಳನ್ನು ನೆಟ್ಟದ್ದು ಇತ್ತೀಚಿನ ವರ್ಷಗಳಲ್ಲಿ. ಬಂಗಾರಪೇಟೆಯಲ್ಲಿ ಸುರಿದ ಮಳೆಯು ಕಾಮಸಮುದ್ರದಲ್ಲಿಯೂ ಸುರಿಯಿತೆಂದು ಯಾವ ರೈತನೂ ಒಪ್ಪನು. ಇದಕ್ಕಿಂತ ದೊಡ್ಡ ತಪ್ಪೊಂದುಂಟು. ಮುಂಗಾರೆಂದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಎಂಬುದು ಪುಸ್ತಕದ ಲೆಕ್ಕ. ನಮ್ಮ ಜಿಲ್ಲೆಯ ಹೆಚ್ಚಿನ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಸೆಪ್ಟೆಂಬರ್ ಕೊನೆಗೆ ಗೆರೆ ಎಳೆದುಬಿಟ್ಟರೆ ಕೆರೆ ತುಂಬಿಸುವ ಮಳೆಯ ಅರ್ಧವು ಪಟದಿಂದ ಹೊರಗೆ ಬೀಳುವುದು.

ಎಲ್ಲೆಗಳು ಬದಲಾದುದರಿಂದ ಆಗುವ ಅನರ್ಥಕ್ಕೆ ಕೋಲಾರಕ್ಕಿಂತ ಒಳ್ಳೆಯ ನಿದರ್ಶನ ಬೇಡ. 2001ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 25 ಲಕ್ಷಕ್ಕೆ ಮಿಕ್ಕಿತ್ತು. 2011ರಲ್ಲಿ 15 ಲಕ್ಷವನ್ನು ಸ್ವಲ್ಪ ದಾಟಿತು. ಎರಡು ಕಂಬಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಹತ್ತು ವರ್ಷದಲ್ಲಿ ಹತ್ತು ಲಕ್ಷ ಮಂದಿ ನೀರಿಲ್ಲದೆ ಗುಳೆಹೋದರೆಂದು ಪರಸ್ಥಳದ ಓದುಗನು ಮರುಗುವನು. ಯಾರೂ ಎಲ್ಲಿಗೂ ಹೋಗಲಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾಯಿತು. ಬಂಗಾರಪೇಟೆಯಿಂದ ಕೆ.ಜಿ.ಎಫ್. ತಾಲ್ಲೂಕು ಬೇರ್ಪಟ್ಟಿರುವುದರಿಂದ ಮುಂದಿನ ಗಣತಿಯಲ್ಲಿ ತಾಲ್ಲೂಕಿನ ಮಟ್ಟದಲ್ಲಿಯೂ ಇದೇ ನಾಟಕ ನಡೆಯಲಿರುವುದು.

ಇನ್ನು ಚಿನ್ನದ ಪ್ರಲೋಭನೆ. ಕಾಮಸಮುದ್ರದಿಂದ ಗಣಿಗಳು ದೂರವಿಲ್ಲವಾದುದರಿಂದ, ನೀರಿನ ಪಟ ಬರೆಯುವ ಯಾರಿಗಾದರೂ ಮೂಲೆಯಲ್ಲಿ ಚಿನ್ನದ ರೇಖೆಯೊಂದನ್ನು ಎಳೆಯುವ ಆಸೆ ಹುಟ್ಟುವುದು ಸಹಜ. ಕಂಪೆನಿಗಳ ಕಾಲದ ಲೆಕ್ಕವು ಔನ್ಸುಗಳಲ್ಲಿರುವುದು, ಚಿನ್ನ ತೂಗುವ ಟ್ರಾಯ್ ಔನ್ಸು. ಅದು 31 ಗ್ರಾಮಿಗೆ ತುಸು ಹೆಚ್ಚು. ಅಂಗಡಿಯ ಔನ್ಸೆಂದು ತಿಳಿದು 28 ಗ್ರಾಮಿನಿಂದ ಗುಣಿಸಿದರೆ ಹತ್ತರಲ್ಲೊಂದು ಪಾಲು ಚಿನ್ನವು ಲೆಕ್ಕಿಗನ ಕೈಯಲ್ಲಿಯೇ ಮಾಯವಾಗುವುದು. ಇದನ್ನೆಲ್ಲ ಸರಿಪಡಿಸಿಕೊಂಡನೆಂದೇ ಇಟ್ಟುಕೊಳ್ಳಿ. ಮೊದಮೊದಲು ಟನ್ ಅದಿರಿಗೆ ಹತ್ತಾರು ಗ್ರಾಮು ದೊರೆಯುತ್ತಿದ್ದ ಚಿನ್ನವು ಕೊನೆಗೆ ಕೆಲವೇ ಗ್ರಾಮುಗಳಿಗೆ ಇಳಿಯಿತು, 2001ರಲ್ಲಿ ಗಣಿಗಳು ಮುಚ್ಚಿದುವು. ಅದರ ಪಕ್ಕದಲ್ಲಿ ಅಂತರ್ಜಲದ ಇಳಿಯುವ ರೇಖೆ. ನೋಡಲು ಕರುಣಾಜನಕ: ಚಿನ್ನವೂ ಇಳಿಯಿತು, ನೀರೂ ಇಳಿಯಿತು! ಆದರೆ ಇವೆರಡಕ್ಕೆ ಸಾಧಾರಣಧರ್ಮವೇನು? ಚಿನ್ನ ಇಳಿದುದು ಅದಿರು ಬಡವಾದುದರಿಂದ, ಗಣಿ ಮೂರು ಕಿಲೋಮೀಟರಿಗೂ ಮಿಕ್ಕು ಆಳಕ್ಕೆ ಹೋದುದರಿಂದ. ಅಂತರ್ಜಲ ಇಳಿದುದು ಕೊಳವೆಬಾವಿಗಳಿಂದ. ಇಳಿಯುವಿಕೆಯೊಂದನ್ನು ಬಿಟ್ಟರೆ ಇಲ್ಲಿ ಸಮಾನವಾದುದಿಲ್ಲ. ಶಬ್ದಸಾಮ್ಯದಿಂದ ಮಾಡಿದ ಶ್ಲೇಷೆಯಂತೆ ಇದು ಒಂದು ಕ್ಷಣ ಬೆರಗುಗೊಳಿಸುವುದು, ಅಷ್ಟೆ, ಕೆಲಸಕ್ಕೆ ಬಾರದು. ಗಣಿಗೂ ನೀರಿಗೂ ನಿಜವಾದ ಸಂಬಂಧವನ್ನೇ ತೋರಿಸಬೇಕೆಂದಿದ್ದರೆ ಪಾಲಾರ್ ನದಿಯ ಬೇತಮಂಗಲದ ಕೆರೆಯಿಂದ ಗಣಿಯ ಊರಿಗೆ ನೀರು ಹೋದ ದಾರಿಯನ್ನು ಬರೆಯಲಿ. ಅಲ್ಲಿ ಕಾರಣವುಂಟು, ಕಾರ್ಯವುಂಟು.

ಬಣ್ಣದ ವಿಷಯವನ್ನು ಕೊನೆಗಿಟ್ಟುಕೊಂಡಿರುವುದು ಅದು ಅಲ್ಪವೆಂದಲ್ಲ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿರುವುದು. ಇದು ಅಂತರ್ಜಲವನ್ನು ಹೆಚ್ಚಿಸಲೆಂದು ಬಿಟ್ಟ ನೀರು, ಕುಡಿಯತಕ್ಕ ನೀರಲ್ಲ. ಇದರಿಂದ ಬಾವಿಗಳಿಗೆ ನೀರು ಬಂದಿತೆನ್ನುವವರೂ, ಎರಡನೆಯ ಹಂತದ ಸಂಸ್ಕರಣೆ ಸಾಲದೆನ್ನುವವರೂ ಇಬ್ಬರೂ ಇದ್ದಾರೆ. ಆ ವ್ಯಾಜ್ಯವನ್ನು ಚಿತ್ರಕಾರನು ತೀರಿಸಬೇಕಾಗಿಲ್ಲ. ಆದರೆ ತುಂಬಿದ ಕೆರೆಗೆ ನೀಲಿ, ಬತ್ತಿದ ಕೆರೆಗೆ ಕಂದು ಎಂದು ಎರಡೇ ಬಣ್ಣಗಳನ್ನಿಟ್ಟುಕೊಂಡು ಮಳೆಯಿಂದ ತುಂಬಿದ ಕೆರೆಗೂ ಕೊಳವೆಯಿಂದ ತುಂಬಿದ ಕೆರೆಗೂ ಒಂದೇ ನೀಲಿಯನ್ನು ಬಳಿದರೆ, ಅವನು ತನಗರಿವಿಲ್ಲದೆಯೇ ತೀರ್ಪು ಕೊಟ್ಟಂತಾಯಿತು. ಪಟವನ್ನು ನೋಡುವ ಗೃಹಿಣಿಯು ಆ ನೀಲಿಯನ್ನು ನೋಡಿ ಕೊಡ ಹಿಡಿದು ಹೊರಡುವಳೆಂಬುದನ್ನು ನೆನೆದು ಬಣ್ಣವನ್ನು ಆರಿಸಬೇಕು. ಮಳೆಯ ನೀರಿಗೆ ನೀಲಿಯಿರಲಿ. ಕೊಳವೆಯ ನೀರಿಗೆ ಓರೆಗೆರೆಗಳಿರಲಿ. ಯಾವ ಇಲಾಖೆಯ ಪಟ್ಟಿಯಲ್ಲಿಯೂ ಲೆಕ್ಕ ಸಿಕ್ಕದ ಕೆರೆಯನ್ನು ಅಳಿಸಿಹಾಕದೆ, ಬಣ್ಣ ತುಂಬದ ಬರಿಯ ವೃತ್ತವಾಗಿ ಅದರ ಊರಿನ ಹೆಸರಿನ ಪಕ್ಕದಲ್ಲಿಯೇ ಉಳಿಸಲಿ.